ಪಣವಿಲ್ಲದ ಜೂಜು ಮತ್ತು ಸದಾಚಾರ

ಜೂಜು ಕೆಟ್ಟದ್ದೆಂಬ ವಿಷಯದಲ್ಲಿ ಸಜ್ಜನರೊಳಗೆ ವಾದವಿಲ್ಲ. ಪಗಡೆಯ ಹಾಸಿನ ಮೇಲೆ ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ಧರ್ಮಪತ್ನಿಯನ್ನೂ ಸೋತ ಧರ್ಮರಾಯನ ಕಥೆಯನ್ನು ಅರಿಯದವರು ಈ ನಾಡಿನಲ್ಲಿಲ್ಲ. ಆದರೆ ಪಣವೇ ಇಲ್ಲದ ಜೂಜಿನ ವಿಷಯವೇನು? ಸೋತರೆ ಕಾಸು ಹೋಗುವುದಿಲ್ಲ. ಗೆದ್ದರೆ ಕಾಸು ಬರುವುದಿಲ್ಲ. ಚಕ್ರ ತಿರುಗುತ್ತದೆ, ಎಲೆ ಬೀಳುತ್ತದೆ, ಬಣ್ಣದ ನಾಣ್ಯಗಳು ಪರದೆಯ ಮೇಲೆ ಸುರಿದು ಮಾಯವಾಗುತ್ತವೆ. ಇದರಲ್ಲಿ ಯಾರಿಗೆ ಏನು ನಷ್ಟವೆಂದು ಮನೆಯ ಹುಡುಗನೊಬ್ಬನು ಕೇಳಿದರೆ ಹಿರಿಯರಿಗೆ ತಟ್ಟನೆ ಉತ್ತರ ಹೊಳೆಯಲಾರದು. ಆದುದರಿಂದಲೇ ಈ ಪ್ರಶ್ನೆಯನ್ನು ನಿಧಾನವಾಗಿ ವಿಚಾರಿಸತಕ್ಕದ್ದು ಅವಶ್ಯವಾಗಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಕೋಡಿಂಬಾಳವು ಅಡಕೆ ಮತ್ತು ರಬ್ಬರು ತೋಟಗಳ ಸೀಮೆಗೆ ಸೇರಿದ ಊರು. ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲುದಾರಿಯು ಅದನ್ನು ಹಾದು ಹೋಗುತ್ತದೆ. ಆ ಸೀಮೆಗೆ ಜೂಜು ಹೊಸದಲ್ಲ. ಕೋಳಿ ಅಂಕದ ಬಾಜಿಯನ್ನೂ, ಜಾತ್ರೆಯ ಗದ್ದೆಯಂಚಿನಲ್ಲಿ ದೀಪ ಹಚ್ಚಿ ಆಡಿಸುತ್ತಿದ್ದ 'ಉಲಾಯಿ ಪಿದಾಯಿ' ಎಂಬ ಎಲೆಯಾಟವನ್ನೂ ತುಳುನಾಡಿನ ಹಿರಿಯರು ಬಲ್ಲರು. ಉಲಾಯಿ ಎಂದರೆ ಒಳಗೆ, ಪಿದಾಯಿ ಎಂದರೆ ಹೊರಗೆ. ಆ ಜೂಜಿಗೆ ಒಂದು ಸ್ಥಳವಿತ್ತು, ಒಂದು ಹೊತ್ತಿತ್ತು, ನೋಡುವ ನಾಲ್ಕು ಕಣ್ಣುಗಳಿದ್ದವು. ಆಡಲು ಹೋಗುವವನು ಮನೆಯ ಹೊಸ್ತಿಲು ದಾಟಬೇಕಾಗಿತ್ತು. ದಾರಿಯಲ್ಲಿ ಮಾವನೋ ಮೇಷ್ಟರೋ ಎದುರಾದರೆ ತಲೆ ತಗ್ಗಿಸಬೇಕಾಗಿತ್ತು. ನಾಚಿಕೆಯೆಂಬುದು ಸರ್ಕಾರದ ಪೇದೆಗಿಂತ ಮೊದಲೇ ದಾರಿಯಲ್ಲಿ ನಿಂತ ಕಾವಲುಗಾರನಾಗಿತ್ತು.

ಇಂದು ಜೂಜುಕಟ್ಟೆಯು ಹೊಸ್ತಿಲಿನ ಹೊರಗಿಲ್ಲ. ಅದು ಅಂಗಿಯ ಜೇಬಿನಲ್ಲಿದೆ, ರಾತ್ರಿ ತಲೆದಿಂಬಿನ ಅಡಿಯಲ್ಲಿದೆ. ಕೋಡಿಂಬಾಳದ ತೋಟದ ಮನೆಯಲ್ಲಾಗಲಿ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಾಗಲಿ ಮೊಬೈಲಿನ ಪರದೆ ಒಂದೇ. ಆ ಪರದೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಹಣದ ಜೂಜಲ್ಲ; 'ಉಚಿತ' ಎಂಬ ಮಾತು. ಕ್ಯಾಸಿನೊಗಳಲ್ಲಿರುವಂಥದೇ ರೂಲೆಟ್ ಚಕ್ರ, ಅಂಥದೇ ಸ್ಲಾಟ್ ಯಂತ್ರ, ಅಂಥದೇ ಎಲೆಯಾಟದ ಮೇಜು. ಬಂದವನ ಕೈಗೆ ಲಕ್ಷ ನಾಣ್ಯಗಳನ್ನು ಸುಮ್ಮನೆ ಸುರಿಯುತ್ತಾರೆ. ಮರುದಿನ ಬಂದರೆ ಇನ್ನಷ್ಟು. ಇವು ನಿಜವಾದ ನಾಣ್ಯಗಳಲ್ಲವೆಂದು ಅವರೇ ಹೇಳುತ್ತಾರೆ; ಆ ಮಾತು ಸುಳ್ಳೂ ಅಲ್ಲ. ಆದರೆ ಕೆಲವು ದಿನಗಳಾದ ಮೇಲೆ ಅದೇ ಪರದೆಯ ಮೂಲೆಯಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಇಲ್ಲಿ ಇಷ್ಟು ಗೆದ್ದವನು ಅಲ್ಲಿ ನಿಜವಾದ ರೂಪಾಯಿಗೆ ಏಕೆ ಆಡಬಾರದೆಂದು ಅದು ಕೇಳುತ್ತದೆ. ಆ ಬಾಗಿಲಿನತ್ತ ಕರೆತರುವುದೇ ಇಂಥ ಬಿಟ್ಟಿಯಾಟದ ಉದ್ದೇಶ.

ಈ ಕರೆಯುವಿಕೆಯಲ್ಲಿ ಎಷ್ಟು ಲೆಕ್ಕಾಚಾರವಿದೆಯೆಂಬುದನ್ನು ತಿಳಿಯುವುದು ಒಳ್ಳೆಯದು. ಒಂದೇ ಸೊನ್ನೆಯುಳ್ಳ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. ಒಂದು ಅಂಕೆಯ ಮೇಲೆ ಪಣ ಕಟ್ಟಿ ಗೆದ್ದವನಿಗೆ ಒಂದಕ್ಕೆ 35ರಂತೆ ಕೊಡುತ್ತಾರೆ. ಈ ಸಣ್ಣ ಅಂತರದಲ್ಲಿಯೇ ಆಡಿಸುವವನ ಬದುಕೆಲ್ಲ ಅಡಗಿದೆ. 100 ರೂಪಾಯಿಯಂತೆ ಸಾವಿರ ಸಲ ಪಣ ಕಟ್ಟಿದವನು ಒಟ್ಟು ಒಂದು ಲಕ್ಷ ರೂಪಾಯಿ ಹೂಡಿದಂತಾಯಿತು. ಸರಾಸರಿಯ ಲೆಕ್ಕದಲ್ಲಿ ಸುಮಾರು 2,700 ರೂಪಾಯಿ ಕಟ್ಟೆಯವನಲ್ಲಿ ಉಳಿಯುತ್ತದೆ. ಒಬ್ಬನು ಒಂದು ರಾತ್ರಿ ಗೆಲ್ಲಬಹುದು. ಎಲ್ಲರೂ ಎಲ್ಲ ರಾತ್ರಿಗಳಲ್ಲಿ ಗೆಲ್ಲುವುದು ಗಣಿತಕ್ಕೆ ವಿರುದ್ಧ. ಹಣದ ಆಟಕ್ಕೆ ಈ ಕಟ್ಟುಪಾಡು ತಪ್ಪದು. ಬಿಟ್ಟಿಯಾಟಕ್ಕೆ ಇದಾವುದೂ ಇಲ್ಲ. ಕೊಡುವುದು ಗಾಳಿಯ ನಾಣ್ಯವಾದ್ದರಿಂದ ಆಡುವವನನ್ನು ಎಷ್ಟು ಬೇಕಾದರೂ ಗೆಲ್ಲಿಸಬಹುದು. 2005ರಲ್ಲಿ ಪ್ರಕಟವಾದ ಕೆನಡಾದ ವಿದ್ವಾಂಸರ ಶೋಧನೆಯೊಂದರಲ್ಲಿ, ಪರೀಕ್ಷಿಸಿದ ಅಂತರಜಾಲ ಕ್ಯಾಸಿನೊಗಳ ಪೈಕಿ ನೂರಕ್ಕೆ ಸುಮಾರು 39ರಷ್ಟು, ಅಭ್ಯಾಸದ ಉಚಿತ ಆಟದಲ್ಲಿ ಹೂಡಿದ್ದಕ್ಕಿಂತ ಹೆಚ್ಚನ್ನೇ ಹಿಂದಕ್ಕೆ ಕೊಡುತ್ತಿದ್ದವೆಂದು ಕಂಡುಬಂದಿತು. ಹಣದ ಆಟದಲ್ಲಿ ಆ ಉದಾರತೆ ಉಳಿಯುವುದು ಸಾಧ್ಯವಿಲ್ಲ. ಉಳಿದರೆ ಆಡಿಸುವವನೇ ದಿವಾಳಿಯಾಗುತ್ತಾನೆ. ಹಾಗಾದರೆ ಅಂಥ ಅಭ್ಯಾಸದಿಂದ ಹುಡುಗನು ಕಲಿತದ್ದೇನು? ಆಟವನ್ನಲ್ಲ, ತಾನು ಅದೃಷ್ಟವಂತನೆಂಬ ಸುಳ್ಳನ್ನು.

ಮನಸ್ಸನ್ನು ಶೋಧಿಸಿದ ಪಂಡಿತರು ಇನ್ನೊಂದು ಸಂಗತಿಯನ್ನು ತಿಳಿಸಿದ್ದಾರೆ. ಅಮೆರಿಕದ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು ಕಳೆದ ಶತಮಾನದಲ್ಲಿ ಪ್ರಾಣಿಪಕ್ಷಿಗಳ ಮೇಲೆ ಮಾಡಿದ ಪ್ರಯೋಗಗಳಿಂದ, ಪ್ರತಿಸಲವೂ ತಪ್ಪದೆ ದೊರೆಯುವ ಕಾಳಿಗಿಂತ ಎಷ್ಟು ಸಲಕ್ಕೆ ದೊರೆಯುವುದೋ ತಿಳಿಯದ ಕಾಳು ಹೆಚ್ಚು ಬಿಗಿಯಾದ ಅಭ್ಯಾಸವನ್ನು ಹುಟ್ಟಿಸುತ್ತದೆಂದು ತೋರಿಸಿದನು. ಕಾಳು ಬರುವುದು ನಿಂತಮೇಲೂ ಅಂಥ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರದ ಮರ್ಮವೂ ಇದೇ. ಗಮನಿಸತಕ್ಕ ಅಂಶವೇನೆಂದರೆ, ಈ ಅಭ್ಯಾಸ ಹುಟ್ಟುವುದಕ್ಕೆ ರೂಪಾಯಿ ಬೇಕಾಗಿಲ್ಲ. ಬಣ್ಣ, ಸದ್ದು ಮತ್ತು ನಿರೀಕ್ಷೆ ಸಾಕು. ಹಣವು ಅನಂತರ ಬರುತ್ತದೆ. ಬೇಟೆಗಾರನು ಬಲೆಯ ಕೆಳಗೆ ಎರಚಿದ ಅಕ್ಕಿಗೆ ಹಕ್ಕಿಯಿಂದ ಬೆಲೆ ಕೇಳುವುದಿಲ್ಲ. ಆ ಅಕ್ಕಿಯೂ ಉಚಿತವೇ.

ಇಲ್ಲಿ ಎದುರುಪಕ್ಷದ ಮಾತನ್ನು ನ್ಯಾಯವಾಗಿ ಕೇಳಬೇಕು. ಆಟವು ಮನುಷ್ಯನ ಸಹಜ ಸಂತೋಷ. ಅದನ್ನೆಲ್ಲ ಪಾಪವೆಂದು ಕಂಡರೆ ಮನೆ ಮನೆಯಾಗಿ ಉಳಿಯುವುದಿಲ್ಲವೆಂದು ಅವರು ಹೇಳುತ್ತಾರೆ. ಬಿಟ್ಟಿಯಾಟವನ್ನು ಆಡಿದವರೆಲ್ಲರೂ ಜೂಜುಕೋರರಾಗುವುದಿಲ್ಲ. ಬಹುಮಂದಿ ಕೆಲವು ದಿನ ಆಡಿ ಬೇಸತ್ತು ಬಿಡುತ್ತಾರೆ. ಕಾನೂನು ಮಾಡಿದ ಕಾರ್ಯವನ್ನು ಶಿಕ್ಷಿಸಬಹುದೇ ಹೊರತು ಮುಂದೆ ಮಾಡಬಹುದಾದದ್ದನ್ನು ಊಹಿಸಿ ಬಾಗಿಲು ಹಾಕಿಸಬಾರದು. ಪ್ರಾಯಕ್ಕೆ ಬಂದವನಿಗೆ ತನ್ನ ಹೊತ್ತನ್ನು ಹಾಳುಮಾಡಿಕೊಳ್ಳುವ ಸ್ವಾತಂತ್ರ್ಯವೂ ಉಂಟಲ್ಲವೇ ಎಂಬುದು ಅವರ ಕಡೆಯ ಮಾತು.

ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಆಟವು ನಿರ್ದೋಷವೆಂಬುದು ಸತ್ಯ. ತುಳುನಾಡಿನಲ್ಲಿ ಆಟಿ ತಿಂಗಳ ಎಡೆಬಿಡದ ಮಳೆಯಲ್ಲಿ ಮನೆಮಂದಿ ಚೆನ್ನೆಮಣೆಯ ಮುಂದೆ ಕೂತು ಕಾಳುಗಳನ್ನು ಗುಳಿಯಿಂದ ಗುಳಿಗೆ ಹಂಚುತ್ತ ಕಾಲ ಕಳೆಯುವುದು ಹಿಂದಿನಿಂದ ಬಂದ ಪದ್ಧತಿ. ಅಲ್ಲಿಯೂ ಸೋಲು ಗೆಲುವುಗಳಿವೆ, ಹುರುಪಿದೆ, ಕೆಲವೊಮ್ಮೆ ಮುನಿಸೂ ಇದೆ. ಆದರೆ ಮಣೆಯನ್ನು ಮಡಿಸಿಟ್ಟೊಡನೆ ಆಟ ಮುಗಿಯಿತು. ಚೆನ್ನೆಮಣೆಯು ಆಡುವವರನ್ನು ಇನ್ನೆಲ್ಲಿಗೂ ಕರೆದೊಯ್ಯುವುದಿಲ್ಲ. ಅದರ ಫಲವು ಅದರಲ್ಲಿಯೇ ಇದೆ. ಕ್ಯಾಸಿನೊದ ಬಿಟ್ಟಿಯಾಟವು ಹಾಗಲ್ಲ. ಅದನ್ನು ಆಡಿಸುವವನಿಗೆ ಆ ಆಟದಿಂದ ಫಲವಿಲ್ಲ. ಫಲವಿರುವುದು ಅದು ಮುಟ್ಟಿಸುವ ಸ್ಥಳದಲ್ಲಿ. ಒಂದು ಮನೆಯ ಅಂಗಳವಾಗಿರುವುದು ಬೇರೆ, ಇನ್ನೊಂದು ಮನೆಯ ಹೆಬ್ಬಾಗಿಲಾಗಿರುವುದು ಬೇರೆ. ಆದುದರಿಂದ ಆಡುವವನ ಆಸೆಯನ್ನು ಕಾನೂನು ಶಿಕ್ಷಿಸಬೇಕೆಂದು ಯಾರೂ ಹೇಳುವುದಿಲ್ಲ. ವಿಚಾರಿಸಬೇಕಾದದ್ದು ಆಡಿಸುವವನ ಕೃತ್ಯವನ್ನು. ಅದು ಊಹೆಯಲ್ಲ, ಈಗಾಗಲೇ ನಡೆದಿರುವ ಕೃತ್ಯ.

ಶರಣರ ಮಾರ್ಗದಲ್ಲಿ ಈ ಪ್ರಶ್ನೆಗೆ ಒಂದು ದಾರಿದೀಪವುಂಟು. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಕಾಯಕಜೀವಿ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಪುಣ್ಯಸತಿ ಲಕ್ಕಮ್ಮನು ಸಂತೋಷಪಡಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ವಂಚಿಸಿ ತಂದದ್ದಲ್ಲ. ನೆಲದ ಮೇಲೆ ಬಿಟ್ಟಿಯಾಗಿ ಬಿದ್ದಿದ್ದದ್ದು. ಲೋಕದ ಲೆಕ್ಕದಲ್ಲಿ ಅಲ್ಲಿ ಯಾರಿಗೂ ನಷ್ಟವಿರಲಿಲ್ಲ. ಆದರೂ ಲಕ್ಕಮ್ಮನು ಕೇಳಿದ್ದು ಇದರಿಂದ ಯಾರಿಗೆ ನಷ್ಟವೆಂದಲ್ಲ. ಈ ಹೆಚ್ಚಳಕ್ಕೆ ಕೈ ಚಾಚಿದ ಮನಸ್ಸು ಎಂಥದಾಯಿತೆಂದು. ಹಾನಿಯು ಚೀಲದಲ್ಲಿ ಕಾಣುವ ಮೊದಲು ಮನಸ್ಸಿನಲ್ಲಿ ಆಗಿಹೋಗಿರುತ್ತದೆಂಬುದು ಆ ತಾಯಿ ಕಂಡ ಸತ್ಯ.

ಬಿಟ್ಟಿಯಾಟದ ಹಾನಿಯೂ ಇಂಥದೇ. ಕಾಯಕವೆಂದರೆ ಹೊಟ್ಟೆಯ ಪಾಡು ಮಾತ್ರವಲ್ಲ. ಬೆವರಿಗೂ ಫಲಕ್ಕೂ ನಡುವೆ ಇರುವ ನ್ಯಾಯದ ಸಂಬಂಧವನ್ನು ದಿನದಿನವೂ ಕಲಿಸುವ ಶಾಲೆ. ಅಡಕೆಯ ಸಸಿಯನ್ನು ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯುತ್ತಾನೆ. ನೀರೆರೆಯುತ್ತಾನೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಸಿಂಪಡಿಸುತ್ತಾನೆ. ಆ ಕಾಯುವಿಕೆಯಲ್ಲಿಯೇ ಅವನ ಶೀಲ ಬಲಿಯುತ್ತದೆ. ಬಿಟ್ಟಿಯಾಟವು ಇದಕ್ಕೆ ವಿರುದ್ಧವಾದ ಪಾಠವನ್ನು ದಿನಕ್ಕೆ ನೂರು ಸಲ ಹೇಳುತ್ತದೆ. ಮುಟ್ಟಿದರೆ ಸಾಕು, ಬರುತ್ತದೆ. ಬರದಿದ್ದರೆ ಇನ್ನೊಮ್ಮೆ ಮುಟ್ಟು. ಈ ಪಾಠವನ್ನು ಒಂದು ವರ್ಷ ಕಲಿತ ಹುಡುಗನು ತೋಟಕ್ಕಿಳಿದಾಗ ಅವನಿಗೆ ತೋಟವೇ ಮೋಸವೆಂದು ತೋರಿದರೆ ಆಶ್ಚರ್ಯವೇನು? ಅವನ ಜೇಬಿನಿಂದ ಒಂದು ಕಾಸೂ ಹೋಗಿಲ್ಲ. ಹೋದದ್ದು ದುಡಿಮೆಯ ಮೇಲಣ ನಂಬಿಗೆ.

ಪಂಚಾಚಾರಗಳಲ್ಲಿ ಸದಾಚಾರವು ಶರಣನ ಸ್ವಂತ ನಡೆಗೆ ಸಂಬಂಧಿಸಿದ್ದು. ಸತ್ಯಶುದ್ಧವಾದ ದುಡಿಮೆಯೇ ಅದರ ತಳಹದಿ. ಗಣಾಚಾರವು ಸಮುದಾಯಕ್ಕೆ ಕೇಡಾಗುವುದನ್ನು ಕಂಡು ಸುಮ್ಮನಿರದಿರುವುದು. ತಾನು ಜೂಜಾಡುವುದಿಲ್ಲವೆಂದು ಹೇಳಿಕೊಳ್ಳುವ ಗೃಹಸ್ಥನು ಸದಾಚಾರವನ್ನು ಪಾಲಿಸಿದನು, ನಿಜ. ನೆರೆಮನೆಯ ಮಗುವಿನ ಕೈಗೆ ಬಲೆಯ ಅಕ್ಕಿ ಬೀಳುತ್ತಿರುವುದನ್ನು ಕಂಡೂ ಅದು ತನಗೆ ಸಂಬಂಧಿಸಿದ್ದಲ್ಲವೆಂದರೆ ಗಣಾಚಾರವು ಎಲ್ಲಿ ಉಳಿಯಿತು? ಜೂಜಿನ ಕರೆಯನ್ನು ರಾಜ್ಯಶಾಸನವು ಹತೋಟಿಯಲ್ಲಿಡಬೇಕೆಂಬ ಬೇಡಿಕೆಗೆ ಶರಣಧರ್ಮದಲ್ಲಿ ಇರುವ ಆಧಾರ ಇದು.

ಶಾಸನದ ಇತಿಹಾಸವನ್ನು ನೋಡಿದರೆ ಕನ್ನಡನಾಡಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ. ಭಾರತದಲ್ಲಿ ಜೂಜಿನ ಬಗೆಗಿನ ಪ್ರಸಿದ್ಧ ತೀರ್ಪೊಂದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಯೊಂದರಿಂದಲೇ ಹುಟ್ಟಿತು. 'ಸ್ಪೋರ್ಟಿಂಗ್ ಸ್ಟಾರ್' ಎಂಬ ಆ ಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಪದಬಂಧವೆಂಬ ಬಹುಮಾನಸ್ಪರ್ಧೆಯು ಮುಂಬಯಿ ರಾಜ್ಯದ ಮನೆಮನೆಗಳನ್ನು ತಲುಪುತ್ತಿತ್ತು. ಮುಂಬಯಿ ಸರ್ಕಾರವು ಅದರ ಮೇಲೆ ತೆರಿಗೆ ಹೇರಿ ನಿಯಂತ್ರಿಸಹೊರಟಾಗ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸರು, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವೇ ಅಲ್ಲವೆಂದು ತೀರ್ಪಿತ್ತರು. ಋಗ್ವೇದ ಮಹಾಭಾರತಗಳ ಕಾಲದಿಂದಲೂ ಈ ದೇಶವು ಜೂಜನ್ನು ಹೇಗೆ ಕಂಡಿತೆಂಬುದನ್ನು ಆ ತೀರ್ಪಿನಲ್ಲಿ ವಿಚಾರಿಸಿದರು. ಬುದ್ಧಿಯ ಆಟದ ವೇಷದಲ್ಲಿ, ಸುದ್ದಿಯ ಹಾಳೆಯ ಜೊತೆಯಲ್ಲಿ ಜೂಜು ಒಳಮನೆಗೆ ಬರುವುದೆಂಬುದು ಆ ಕಾಲದಲ್ಲಿಯೇ ಕಂಡುಬಂದ ಸಂಗತಿ.

ಇಂದು ಕರ್ನಾಟಕ ಪೊಲೀಸ್ ಕಾಯಿದೆಯೆಂದು ಕರೆಯಲ್ಪಡುವ 1963ರ ಶಾಸನವು ಜೂಜಿನ ಮನೆ, ಬೀದಿ, ಬಯಲುಗಳನ್ನು ಮನಸ್ಸಿನಲ್ಲಿಟ್ಟು ರಚಿತವಾದದ್ದು. ಸ್ಥಳವೇ ಇಲ್ಲದ ಜೂಜನ್ನು ಆ ಕಾಲದವರು ಊಹಿಸಿರಲಿಲ್ಲ. 2007ರಲ್ಲಿ ರಾಜ್ಯವು ಲಾಟರಿಯನ್ನು ನಿಷೇಧಿಸಿತು. 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಅಂತರಜಾಲದ ಆಟಗಳನ್ನು, ಕುಶಲತೆಯ ಆಟಗಳನ್ನೂ ಸೇರಿಸಿ, ಅಪರಾಧವೆಂದು ಸಾರಿತು. ಕುಶಲತೆಯ ಆಟವನ್ನು ಜೂಜಿನೊಡನೆ ಬೆರೆಸಲಾಗದೆಂದು ಹೇಳಿ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಆ ವಿಧಿಗಳನ್ನು ರದ್ದುಗೊಳಿಸಿತು. ಗುರಿ ಒಳ್ಳೆಯದಾದರೂ ಶಾಸನದ ಬಾಣವು ಗುರಿಯ ಸುತ್ತಲಿನದನ್ನೆಲ್ಲ ತಾಗಬಾರದೆಂಬ ಎಚ್ಚರಿಕೆ ಆ ತೀರ್ಪಿನಲ್ಲಿದೆ.

ಬಳಿಕ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯವಾಗುವ ಆನ್‌ಲೈನ್ ಆಟಗಳ ಶಾಸನವನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣದ ಆಟಗಳಿಂದ ದೇಶದಲ್ಲಿ ಸುಮಾರು 45 ಕೋಟಿ ಜನರಿಗೆ ತೊಂದರೆಯಾಗಿದೆಯೆಂದೂ ಹೋದ ಹಣವು 20,000 ಕೋಟಿ ರೂಪಾಯಿಗೆ ಮೀರಿದೆಯೆಂದೂ ಕೇಂದ್ರ ಸರ್ಕಾರವು ಆಗ ಅಂದಾಜಿಸಿತ್ತು. ಹಣದ ಆಟವನ್ನು ನಡೆಸುವವನಿಗೆ ಮೂರು ವರ್ಷಗಳ ವರೆಗಿನ ಸೆರೆಯನ್ನೂ ಒಂದು ಕೋಟಿ ರೂಪಾಯಿಯ ವರೆಗಿನ ದಂಡವನ್ನೂ, ಅದರ ಜಾಹೀರಾತು ಮಾಡುವವನಿಗೆ ಎರಡು ವರ್ಷಗಳ ವರೆಗಿನ ಸೆರೆಯನ್ನೂ 50 ಲಕ್ಷದ ವರೆಗಿನ ದಂಡವನ್ನೂ ಅದು ವಿಧಿಸುತ್ತದೆ. ಆಡಿ ಸೋತವನನ್ನು ಶಿಕ್ಷಿಸುವುದಿಲ್ಲ. ಪಣವಿಲ್ಲದ ಆಟಗಳನ್ನು ಸಾಮಾಜಿಕ ಆಟಗಳೆಂದು ಬೇರೆಯಾಗಿ ಎಣಿಸಿ ಬಿಟ್ಟಿದೆ. ಚೆನ್ನೆಮಣೆಯಂಥ ಆಟ ಬದುಕಬೇಕಾದರೆ ಹೀಗೆ ಬಿಡುವುದು ಸರಿಯೇ. ಆದರೆ ಬಿಟ್ಟಿಯಾಟದ ವೇಷವು ನುಸುಳಲೆಳಸುವುದೂ ಇದೇ ಸಂದಿನಲ್ಲಿ. ನೇರವಾಗಿ ಮಾತ್ರವಲ್ಲದೆ ಪರೋಕ್ಷವಾಗಿ ಹಣದ ಆಟಕ್ಕೆ ಪ್ರೇರಿಸುವ ಜಾಹೀರಾತನ್ನೂ ಅದೇ ಶಾಸನವು ನಿಷೇಧಿಸಿರುವುದರಿಂದ, ಬಿಟ್ಟಿಯಾಟವನ್ನು ಆಟವೆಂದು ಎಣಿಸಬೇಕೋ ಜಾಹೀರಾತೆಂದು ಎಣಿಸಬೇಕೋ ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ.

ಪರದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಬ್ರಿಟನ್ನಿನ ಜೂಜು ಆಯೋಗವು 2019ರ ಮೇ 7ರಿಂದ, ಪರವಾನಗಿ ಪಡೆದ ಜೂಜಿನ ಜಾಲತಾಣಗಳಲ್ಲಿ ಉಚಿತ ಆಟವನ್ನು ಕೊಡುವ ಮೊದಲೂ ವಯಸ್ಸನ್ನು ಪರೀಕ್ಷಿಸತಕ್ಕದ್ದೆಂದು ಕಟ್ಟುಮಾಡಿತು. ಹಣವಿಲ್ಲದಿದ್ದರೂ ಆ ಹೊಸ್ತಿಲು ಮಕ್ಕಳು ದಾಟತಕ್ಕದ್ದಲ್ಲವೆಂಬುದು ಇದರ ತಾತ್ಪರ್ಯ. ಆಸ್ಟ್ರೇಲಿಯವು 2024ರ ಸೆಪ್ಟೆಂಬರ್ 22ರಿಂದ, ಹೊಸದಾಗಿ ವರ್ಗೀಕರಿಸಲ್ಪಡುವ ಆಟಗಳಲ್ಲಿ ಜೂಜನ್ನು ಅನುಕರಿಸುವಂಥವನ್ನು 18 ವರ್ಷ ತುಂಬಿದವರಿಗೆ ಮಾತ್ರ ಮೀಸಲಿಟ್ಟಿತು. ಅಮೆರಿಕದಲ್ಲಿ 'ಬಿಗ್ ಫಿಶ್ ಕ್ಯಾಸಿನೊ' ಎಂಬ ಆಟವು ಮೊದಲು ನಾಣ್ಯಗಳನ್ನು ಬಿಟ್ಟಿಯಾಗಿ ಕೊಟ್ಟು, ಮುಗಿದ ಮೇಲೆ ಹಣಕ್ಕೆ ಮಾರುತ್ತಿತ್ತು. ಆಟ ಮುಂದುವರಿಸುವ ಅವಕಾಶವೇ ಬೆಲೆಯುಳ್ಳದ್ದಾದ್ದರಿಂದ ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ಆ ನಾಣ್ಯವೂ ಬೆಲೆಯುಳ್ಳ ವಸ್ತುವೇ ಎಂದು 2018ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು ಹೇಳಿತು.

ಇವುಗಳಿಂದ ನಿಯಂತ್ರಣದ ನೀತಿಯನ್ನು ಸಂಗ್ರಹಿಸಬಹುದು. ಹಣದ ಜೂಜಿನ ಹೆಸರನ್ನೋ ಗುರುತನ್ನೋ ದಾರಿಯನ್ನೋ ಹೊತ್ತ ಬಿಟ್ಟಿಯಾಟವನ್ನು ಆಟವೆಂದಲ್ಲ, ಆ ಜೂಜಿನ ಜಾಹೀರಾತೆಂದೇ ಎಣಿಸತಕ್ಕದ್ದು. ಜೂಜನ್ನು ಅನುಕರಿಸುವ ಆಟ ಯಾವುದೇ ಆಗಲಿ, ಮಕ್ಕಳ ಕೈಗೆ ದೊರೆಯದಂತೆ ಮೊದಲ ಬಾಗಿಲಿನಲ್ಲಿಯೇ ವಯಸ್ಸನ್ನು ಕೇಳತಕ್ಕದ್ದು. ಹಣದ ಜೂಜಿಗೆ ಅನುಮತಿಯಿರುವ ದೇಶಗಳಲ್ಲಿ ಅಭ್ಯಾಸದ ಆಟವು ನಿಜವಾದ ಆಟದಷ್ಟೇ ಸೋಲಿಸತಕ್ಕದ್ದು. ಇಲ್ಲವಾದರೆ ಅದು ಅಭ್ಯಾಸವಲ್ಲ, ವಂಚನೆ. ತೂಕದ ಕಲ್ಲಿನಲ್ಲಿ ಮೋಸ ಮಾಡುವ ಅಂಗಡಿಯವನನ್ನು ಲೋಕವು ಶಿಕ್ಷಿಸುವುದಾದರೆ, ಅದೃಷ್ಟದ ತೂಕದಲ್ಲಿ ಮೋಸ ಮಾಡುವವನನ್ನು ಬಿಡುವುದಕ್ಕೆ ನ್ಯಾಯವಾದ ಕಾರಣವಿಲ್ಲ.

ಇಷ್ಟಾದರೂ ಶಾಸನಕ್ಕೆ ಒಂದು ಎಲ್ಲೆಯುಂಟು. ಆಟವನ್ನು ಕಳುಹಿಸುವವನು ಕಡಲಾಚೆ ಕುಳಿತಿರಬಹುದು. ಒಂದು ಹೆಸರನ್ನು ಮುಚ್ಚಿಸಿದರೆ ಇನ್ನೊಂದು ಹೆಸರಿನಲ್ಲಿ ತಲೆಯೆತ್ತಬಹುದು. ಕಾನೂನು ಊರಿನ ಬೇಲಿಯಾದರೆ ಮನೆಯ ದೀಪವನ್ನು ಹಚ್ಚಬೇಕಾದವರು ಮನೆಯವರೇ. ಮಗನ ಕೈಯಿಂದ ಫೋನನ್ನು ಕಿತ್ತುಕೊಳ್ಳುವುದು ಸುಲಭ. ಅದರಿಂದ ಆಸೆ ಕೀಳುವುದಿಲ್ಲ, ಮರೆಯಲ್ಲಿ ಆಡುವ ಜಾಣತನ ಮಾತ್ರ ಬೆಳೆಯುತ್ತದೆ. ಅದಕ್ಕಿಂತ ಅವನ ಪಕ್ಕದಲ್ಲಿ ಕುಳಿತು ಆ ಚಕ್ರದ 37 ಮನೆಗಳನ್ನು ಎಣಿಸಿ ಲೆಕ್ಕ ತೋರಿಸುವ ತಂದೆಯು ಹೆಚ್ಚಿನ ಕೆಲಸ ಮಾಡಿದಂತೆ. ಇದನ್ನು ಬಿಟ್ಟಿಯಾಗಿ ಕೊಡುವವನಿಗೆ ಇದರಿಂದ ಏನು ಲಾಭವೆಂದು ಕೇಳುವ ಅಭ್ಯಾಸವನ್ನು ತಾಯಿ ಕಲಿಸಿದರೆ, ಮಗುವು ಜೂಜಿನಿಂದ ಮಾತ್ರವಲ್ಲ, ಬಾಳಿನ ಇನ್ನೂ ಅನೇಕ ಬಲೆಗಳಿಂದ ಪಾರಾಗುತ್ತದೆ. ಈಗಾಗಲೇ ಸೋತು ಸಾಲಕ್ಕೆ ಸಿಕ್ಕಿದವನು ಮನೆಯಲ್ಲಿದ್ದರೆ ಅವನನ್ನು ಹೀನಾಯವಾಗಿ ಕಾಣದೆ ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ಕೊಡಬೇಕು. ಆಡಿಸುವವನನ್ನು ದಂಡಿಸಿ ಸೋತವನನ್ನು ಶಿಕ್ಷಿಸದೆ ಬಿಟ್ಟ ಶಾಸನದಲ್ಲಿ ಇರುವಷ್ಟು ಕರುಣೆಯಾದರೂ ಬಂಧುಗಳಲ್ಲಿ ಇರಬೇಡವೇ?

ದಾಸೋಹದಲ್ಲಿ ನೀಡುವ ಅನ್ನಕ್ಕೂ ಬೆಲೆಯಿಲ್ಲ, ಬಲೆಯ ಕೆಳಗಿನ ಅಕ್ಕಿಗೂ ಬೆಲೆಯಿಲ್ಲ. ನೀಡಿದವನು ಉಂಡವನನ್ನು ತೃಪ್ತನಾಗಿ ಹೋಗಗೊಡುವನೋ ಇನ್ನಷ್ಟು ಹಸಿದವನನ್ನಾಗಿ ಮಾಡಿ ಹಿಡಿದಿಡುವನೋ ಎಂಬುದರಲ್ಲಿ ಎರಡರ ಭೇದವೂ ತಿಳಿಯುತ್ತದೆ. ಲಕ್ಕಮ್ಮನ ವಿವೇಕವು ಪ್ರತಿಯೊಂದು ಮನೆಯ ಹೊಸ್ತಿಲಿನಲ್ಲಿ ಎಚ್ಚತ್ತಿರಲಿ. ಕಾಯಕದ ಒಂದು ಹಿಡಿಯೇ ಲೇಸೆಂದು ಬಲ್ಲ ಕೈಗಳು ಬಿಟ್ಟಿಯ ರಾಶಿಯನ್ನು ಇದ್ದಲ್ಲಿಯೇ ಬಿಟ್ಟು ಬರುವಂತಾಗಲಿ.